ಹೆರಿಗೆ ಆಸ್ಪತ್ರೆಗೆ ಬೀಗ ಬಿದ್ದ ಸುದ್ದಿ

ನೋವು ತಿನ್ನುತ್ತಿರುವ ಬಸುರಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೆರಿಗೆ ಆಸ್ಪತ್ರೆಗೆ ಹೋಗುತ್ತೀರಿ. ಗೇಟಿಗೆ ಬೀಗ. ಏನು ಮಾಡುತ್ತೀರಿ? ಕಳೆದ ಸೋಮವಾರ ನಾನು ಗೇಟಿಗೆ ಒದ್ದೆ. (ಚಪ್ಪಲಿ ಕಿತ್ತುಹೋಯಿತು. ಬೀಗಕ್ಕೇನೂ ಆಗಲಿಲ್ಲ.)

ಬಸುರಿ ನಮ್ಮ ರತ್ನ. ಆರು ವರ್ಷದಿಂದ ನಮ್ಮ ಮನೆ ಕೆಲಸಕ್ಕೆ ಬರುವವಳು. ಗಂಡ ತರಗುಪೇಟೆಯಲ್ಲಿ ಮೂಟೆ ಹೊರುತ್ತಾನೆ, ಬೆಳಗ್ಗೆ ಎದ್ದು ಹೋದರೆ ಕೈಗೆ ಸಿಗುವುದಿಲ್ಲ. ಹಾಗಾಗಿ ಅವಳ ತಾಯಿ ಮುನಿಯಮ್ಮ ಓಡಿಬಂದದ್ದು ನನ್ನ ಬಳಿಗೆ. ನಮ್ಮ ವಾರ್ಡಿನ ಹೆರಿಗೆ ಆಸ್ಪತ್ರೆಯಲ್ಲೇ ಕಾರ್ಡು ಮಾಡಿಸಿದ್ದರು. ರತ್ನ ಹುಟ್ಟಿದ್ದೂ ಅಲ್ಲೇ ಅಂತೆ.

ಗೇಟಿನ ಒಳಗಡೆ, ದೂರದ ಗೋಡೆಯ ಮೇಲೆ, ಒಂದು ಜೆರಾಕ್ಸ್ ಹಾಳೆ. ಅದರಲ್ಲೇನಿದೆ ಅಂತ ಹೇಳಿದವನು ಎದುರಿನ ಸೋಡಾ ಅಂಗಡಿಯವನು. ದುರಸ್ತಿಯ ನಿಮಿತ್ತ ಆಸ್ಪತ್ರೆಯನ್ನು ಮುಚ್ಚಲಾಗಿದೆ, ಗರ್ಭಿಣಿಯರು ಪಕ್ಕದ ವಾರ್ಡಿನ ಆಸ್ಪತ್ರೆಗೆ ‘ತೆರಳತಕ್ಕದ್ದು’.

ತೆರಳಿದೆವು. ಮಾರ್ಕೆಟ್ ಕಡೆಯ ಟ್ರಾಫಿಕ್ಕಿನಲ್ಲಿ, ಲಾರಿಗಳ ಮಧ್ಯೆ, ಮುನಿಯಮ್ಮ ಸೆರಗು ಅಡ್ಡ ಹಿಡಿದಿದ್ದಾಗ, ರತ್ನ ಆಟೋದಲ್ಲೇ ಹೆತ್ತಳು. ಮಗು ಗಟ್ಟಿಮುಟ್ಟಾಗಿತ್ತು. ಆದರೆ ರತ್ನನಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತುಟಿ ಬಿಳಚಿಕೊಂಡಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಎರಡು ಬಾಟಲಿ ರಕ್ತ ಏರಿಸಿದ ಮೇಲೆ, ಸಂಜೆ, ಡಾಕ್ಟರು ಇನ್ನು ಭಯವಿಲ್ಲ ಅಂದರು.

ಮಾರನೆಯ ದಿನ ಸೀದಾ ವಾರ್ಡ್ ಆಫೀಸಿಗೆ ನುಗ್ಗಿದೆ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಗೇಟಿನ ಒಳಗೆ ನೋಟಿಸ್ ಅಂಟಿಸಿದ ಮಹಾನುಭಾವ ಯಾರು? ಬಸುರಿಯರು ಗೇಟ್ ಹಾರಿ ಓದಬೇಕಾ? ಕಾರ್ಪೊರೇಟರ್ ಹುಟ್ಟುಹಬ್ಬಕ್ಕೆ ಕಂಬಕಂಬಕ್ಕೂ ಬ್ಯಾನರ್ ಬರುತ್ತದೆ, ಇದಕ್ಕೆ ಒಂದು ಆಟೋ, ಒಂದು ಮೈಕು ಸಿಗಲಿಲ್ಲವಾ? ಒಂದು ಜೀವ ಹೋಗಿದ್ದರೆ ಯಾರಪ್ಪನ ಮನೆ ಗಂಟು ಹೋಗುತ್ತಿತ್ತು?

ಗುಮಾಸ್ತರು ವಯಸ್ಸಾದವರು. ನಾನು ಸುಸ್ತಾಗುವವರೆಗೂ ಕಾದರು. ಆಮೇಲೆ ಟಪಾಲು ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು.

“ನಿಮ್ಮ ಸಂಘದ ಪತ್ರಿಕೆಗೆ ಕಳಿಸಿದ್ವಲ್ಲ ಮೇಡಂ. ಈ ಸೈನು ನಿಮ್ದೇ ತಾನೆ?”

ನನ್ನದೇ.

ನಮ್ಮ ಬಡಾವಣೆಯ ನಾಗರಿಕರ ಸಂಘ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತದೆ. ನೀರು ಬಿಡುವ ಟೈಮು, ಕರೆಂಟ್ ಹೋಗುವ ದಿನ, ಸಂಗೀತ ಕಛೇರಿ ಇತ್ಯಾದಿ. ಸಂಪಾದಕಿ ನಾನು. (ಪೇಪರಿಗೆ ಬರೆಯುವವಳು ಅಂತ ನನ್ನ ತಲೆಗೇ ಕಟ್ಟಿದರು. ನಾನೂ ಉಬ್ಬಿಹೋದೆ.) ಪ್ರತಿ ತಿಂಗಳೂ ರತ್ನ ಒಂದು ಪ್ರತಿ ಕೇಳಿ ಒಯ್ಯುತ್ತಾಳೆ. ಏಳನೇ ಕ್ಲಾಸ್ ಓದಿದವಳು. ವಠಾರದ ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಓದಿ ಹೇಳುತ್ತಾಳೆ.

ಸೈನು ನೋಡಿದಾಗ ಎಲ್ಲ ನೆನಪಾಯಿತು. ವಾರ್ಡ್ ಆಫೀಸಿನ ಕಾಗದ ಬಂದ ದಿನ ಡಿಟಿಪಿ ಅಂಗಡಿಯವನು ಪುಟ ತುಂಬಿತು, ಜಾಗ ಇಲ್ಲ ಅಂದಿದ್ದ. ಕಾಗದದ ಮೊದಲ ಸಾಲಿನಲ್ಲಿ ‘ಹೆರಿಗೆ ಆಸ್ಪತ್ರೆ’ ಅಂತ ಕಂಡಿತು. ನಮ್ಮ ಮೆಂಬರ್‌ಗಳ ಮನೆಯವರು ಯಾರು ಅಲ್ಲಿಗೆ ಹೋಗುತ್ತಾರೆ? ನಮ್ಮವರದ್ದೆಲ್ಲ ನರ್ಸಿಂಗ್ ಹೋಮು. ಪೂರ್ತಿ ಓದಲೂ ಇಲ್ಲ, ಪಕ್ಕಕ್ಕಿಟ್ಟೆ. ಆ ಜಾಗದಲ್ಲಿ ರಂಗೋಲಿ ಸ್ಪರ್ಧೆಯ ಬಹುಮಾನ ಪಟ್ಟಿ ಬಂತು. ಸಮಾಧಾನಕರ ಬಹುಮಾನದವರ ಹೆಸರನ್ನೂ ಬಿಡದೆ ಹಾಕಿದ್ದೆ. ಥೂ, ನನ್ನ ಸಂಪಾದಕಿ ಪಟ್ಟಕ್ಕಿಷ್ಟು ಬೆಂಕಿ ಹಾಕ.

ಆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರ ಪತ್ರಿಕೆಗೆ ಒಂದು ಕಾಗದ ಕಳಿಸಿ ಕೈ ತೊಳೆದುಕೊಂಡರಲ್ಲ, ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಆದರೆ ಅವತ್ತು ಆಫೀಸಿನಿಂದ ತಲೆ ತಗ್ಗಿಸಿಕೊಂಡು ಹೊರಗೆ ಬಂದವಳು ನಾನು.

ಸಂಜೆ ರತ್ನನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ ಅಂತಲೇ ಹೋಗಿದ್ದೆ. ಅವಳು ಮಗುವಿನ ಟೋಪಿ ಸರಿ ಮಾಡಿದಳು.

“ನಿಮ್ಗೂ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ದೆ ಅಕ್ಕಾ” ಅಂದಳು.

ಇನ್ನು ಯಾವ ಆಫೀಸಿಗೆ ಹೋಗಿ ಕೂಗಾಡಲಿ, ಹೇಳಿ?