ನಡುವಿನ ದನಿ ಬಲಕ್ಕೆ ಸರಿದಾಗ

ಉಮ್ಮತ್ತೂರಿನ ಸೋಬಾನೆ ತಂಡದ ಹಿರಿಯಾಕೆ ಬೆಳಬೆಳಿಗ್ಗೆಯೇ ಫೋನ್ ಮಾಡಿ ನನ್ನನ್ನು ದಬಾಯಿಸಿದರು. "ನಾವು ಅಷ್ಟ್ ಜನ ಬಂದು ಹಾಡುದ್ವಲ್ಲಮ್ಮಿ. ಮೊಬೈಲ್‌ನಲ್ಲಿ ಹಾಕುದ್ರೆ ನಂದೊಂದೇ ದನಿ ಬತ್ತದೆ. ಮಿಕ್ಕೋರೆಲ್ಲ ಎಲ್ಲೋದ್ರು?"

ಗುಂಡ್ಲುಪೇಟೆಯಲ್ಲಿ ನಮ್ಮದೊಂದು ಪುಟ್ಟ ರೆಕಾರ್ಡಿಂಗ್ ರೂಮಿದೆ. ಮೊದಲು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ನನ್ನ ಗಂಡ ಮಾಡಿಕೊಂಡದ್ದು. ಮಿಕ್ಸರ್ ಮುಂದೆ ಅವರು, ಅವರ ಎಡಕ್ಕೆ ನಾನು. ನಾನು ಕಲಿತದ್ದೆಲ್ಲ ಅಲ್ಲೇ ಕೂತು. ಹಾಡಿಗೆ ಅಗಲ ಕೊಡುವುದರಲ್ಲಿ ಅವರದು ಎತ್ತಿದ ಕೈ. ಮಿಕ್ಸರ್‌ನಲ್ಲಿ ಹಾಡನ್ನು ಎರಡು ಪಾಲು ಮಾಡುತ್ತಾರೆ. ಎಡ, ಬಲ ಎರಡೂ ಸ್ಪೀಕರುಗಳಲ್ಲಿ ಒಂದೇ ಸಮ ಇರುವುದು ಮಿಡ್, ಅಂದರೆ ನಡು. ಎರಡರ ನಡುವಿನ ವ್ಯತ್ಯಾಸ ಸೈಡ್, ಅಂದರೆ ಪಕ್ಕ. ಪಕ್ಕವನ್ನು ಏರಿಸಿದರೆ ಹಾಡು ಹರಡಿಕೊಂಡು, ಹೆಂಗಸರು ಸಾಲಾಗಿ ಎದುರಿಗೇ ನಿಂತು ಹಾಡಿದ ಹಾಗಿರುತ್ತದೆ. ಆದರೆ ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಪಕ್ಕ ಪೂರಾ ಅಳಿದುಹೋಗಿ ನಡು ಮಾತ್ರ ಉಳಿಯುತ್ತದೆ. ಅದಕ್ಕೇ ಅತಿ ಮಾಡಬಾರದು. ಇದನ್ನು ನನಗೆ ಹೇಳಿಕೊಟ್ಟವರೇ ಅವರು.

ಅಂಥವರು, ಫೋನಿಟ್ಟು ರೂಮಿಗೆ ಹೋದರೆ, ಅದೇ ಹಾಡು ಹಾಕಿಕೊಂಡು ಕೂತು, ಪಕ್ಕವನ್ನು ಏರಿಸಿ ಇಳಿಸುವ ಫೇಡರನ್ನು ತುತ್ತತುದಿಗೆ ಏರಿಸಿಟ್ಟಿದ್ದರು.

"ಇದೇನ್ರೀ ಹಿಂಗ್ ಮಾಡ್ಬುಟ್ಟಿದ್ದೀರಿ?" ಎಂದೆ. ಉತ್ತರವಿಲ್ಲ. ಕೆಲವು ವಾರಗಳಿಂದ ಇದೇ ಆಗಿತ್ತು. ವ್ಯಾನಿನಲ್ಲಿ ಅವರು ಸ್ಟಿಯರಿಂಗ್ ಹಿಡಿದು ಬಲಗಡೆ, ನಾನು ಎಡಗಡೆ ಕೂತು ಏನು ಹೇಳಿದರೂ ರಸ್ತೆ ನೋಡಿಕೊಂಡು ಹೋಗುವರು. ಈ ಮನುಷ್ಯನಿಗೆ ಕೊಬ್ಬು ಎಂದುಕೊಂಡು ನಾನೂ ಮುಖ ಊದಿಸಿಕೊಂಡು ಓಡಾಡಿದ್ದೆ. ನನ್ನ ಸಿಟ್ಟು ಊರಿಗೇ ಗೊತ್ತು.

ಭುಜ ಹಿಡಿದು ಅಲ್ಲಾಡಿಸಿ ಕೂಗಿದ ಮೇಲೆ ಬಾಯಿಬಿಟ್ಟರು. "ಎಷ್ಟ್ ಏರುಸುದ್ರೂ ಅಗಲಾನೇ ಬತ್ತಿಲ್ಲ ಕಣಮ್ಮಿ. ಎಡಗಡೆ ಸ್ಪೀಕರ್ ಸತ್ತೋಗದೆ. ವೈರ್ ಬದ್ಲಾಯ್ಸಿದೆ, ಆದ್ರೂ ಅಷ್ಟೇಯ."

ನಾನು ಎಡಗಡೆ ಸ್ಪೀಕರಿನ ಹತ್ತಿರ ಹೋಗಿ ಬಗ್ಗಿ ಕೇಳಿದೆ. ಸ್ಪಷ್ಟವಾಗಿ ಹಾಡುತ್ತಿತ್ತು. ಮಿಕ್ಸರ್ ಹತ್ತಿರ ಬಂದು ಪಕ್ಕವನ್ನು ಪೂರ್ತಿ ಇಳಿಸಿ ನಡುವನ್ನಷ್ಟೇ ಉಳಿಸಿದೆ. ಅವರ ತಲೆಗೆ ಹೆಡ್‌ಫೋನ್ ಹಾಕಿದೆ. ಈಗ ಎರಡೂ ಕಿವಿಗೆ ಒಂದೇ ಸಮ ಬಂದು ಆ ಹಿರಿಯಾಕೆಯ ದನಿ ಹಣೆಯ ನಟ್ಟನಡುವೆ ನಿಲ್ಲಬೇಕು.

"ಎಲ್ಲದೆ ದನಿ?" ಕೈಸನ್ನೆ ಮಾಡಿ ಕೇಳಿದೆ.

"ಬಲಕ್ಕೆ. ಹೆಡ್‌ಫೋನೂ ಕೆಟ್ಟದೆ ಬುಡು."

ಅದನ್ನು ತೆಗೆದು, ತಿರುಗಿಸಿ, ಎಡಗಿವಿಯದನ್ನು ಬಲಗಿವಿಗೆ ಬರುವಂತೆ ಹಾಕಿದೆ. ಕೆಟ್ಟಿರುವುದು ಹೆಡ್‌ಫೋನೇ ಆದರೆ ದನಿ ಈಗ ಎಡಕ್ಕೆ ಸರಿಯಬೇಕು. ಅಯ್ಯೋ ದೇವರೇ, ಎಡಕ್ಕೆ ಅನ್ನಲಿ, ಒಂದೇ ಒಂದು ಸಲ ಎಡಕ್ಕೆ ಅನ್ನಲಿ ಎಂದು ಬೇಡಿಕೊಂಡೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಬಲಕ್ಕೇ ಅದೆ," ಎಂದರು.

ತಾವೇ ಇನ್ನೊಮ್ಮೆ ತಿರುಗಿಸಿ ಹಾಕಿಕೊಂಡರು. ಆಮೇಲೆ ತೆಗೆದು ಮಿಕ್ಸರ್ ಮೇಲಿಟ್ಟರು. "ಕಿವಿ ಓಗ್ಬುಟ್ರೆ ನಾನೇನ್ ಮಾಡ್ಲಿ ಕಣಮ್ಮಿ? ನಂಗೆ ಬ್ಯಾರೆ ಏನ್ ಬತ್ತದೆ?"

ನನಗೂ ಅದೇ ದಿಗಿಲು. ಆದರೆ ದಿಗಿಲಾದಾಗ ನನಗೆ ಬರುವುದು ಬೈಗುಳವೇ. "ಬಾಯಿ ಮುಚ್ಕೊಂಡು ಎದ್ದೇಳಿ. ಚಾಮರಾಜನಗರಕ್ಕೆ ಹೋಗನ, ಕಿವಿ ಡಾಕ್ಟ್ರಿಗೆ ತೋರ್ಸನ," ಎಂದು ವ್ಯಾನಿನ ಕೀಲಿ ಕಿತ್ತುಕೊಂಡೆ. ಲೈಸೆನ್ಸ್ ನನಗೂ ಇದೆ. ಹಂಪು ಕಂಡ ಕಡೆಯೆಲ್ಲ ಗಕ್ಕನೆ ಬ್ರೇಕ್ ಒತ್ತುತ್ತೇನೆಂದು ಅವರು ಸ್ಟಿಯರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಅವತ್ತು ತಕರಾರಿಲ್ಲದೆ ಎಡಗಡೆ ಹತ್ತಿ ಕೂತರು. ಅದು ನನ್ನನ್ನು ಇನ್ನೂ ಹೆದರಿಸಿತು.

ತೆರಕಣಾಂಬಿ ದಾಟುವವರೆಗೂ ಅಭ್ಯಾಸಬಲದಿಂದ ಕಿರುಚುತ್ತಲೇ ಇದ್ದೆ. ಯಾವಾಗಿಂದ ಹಿಂಗೆ? ನೋವಿದೆಯಾ? ನನಗೊಂದು ಮಾತು ಹೇಳಲಿಕ್ಕೆ ಏನು ಬಂದಿತ್ತು ನಿಮಗೆ? ತಡವಾಯಿತು ಅಂತ ಡಾಕ್ಟರು ಅಂದುಬಿಟ್ಟರೆ?

ಗೇರಿನ ಮೇಲಿದ್ದ ನನ್ನ ಕೈ ಮುಟ್ಟಿದರು. "ಯಾಕಂಗ್ ಕಿರುಚ್ತೀಯ? ಮೆತ್ತಗೆ ಯೋಳು. ಇವತ್ತು ಈ ಕಡೆ ಇದ್ದೀಯಲ್ಲ, ಕೇಳ್ತದೆ."

ಇಷ್ಟು ದಿನ ವ್ಯಾನಿನಲ್ಲಿ, ರೂಮಿನಲ್ಲಿ ನಾನಾಡಿದ ಮಾತೆಲ್ಲ ಅವರ ಕೇಳದ ಎಡಗಿವಿಗೇ ಹೋಗಿತ್ತು. ವ್ಯಾನ್ ನಿಧಾನ ಮಾಡಿ, ನನಗೇ ಕೇಳಿಸದಷ್ಟು ಮೆತ್ತಗೆ ಕೇಳಿದೆ, "ಭಯ ಆಯ್ತದಾ?"

"ಊಂ," ಎಂದರು.