ಟಾನರ್ ಮನೆಯ ಶಿಲುಬೆ

ನಮ್ಮ ಇನ್ನರ್‌ಲಾನ್ ಊರಿನಲ್ಲಿ ನೋಟ್‌ಬುರ್ಗಾ ಎಂಬವಳು ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕೊಟ್ಟಿಗೆ ಬುರ್ಗಿ ಎಂದರೆ ಮಕ್ಕಳೂ ಕೈ ತೋರಿಸುತ್ತವೆ. ಟಾನರ್ ಮನೆಯ ಕೊಟ್ಟಿಗೆ ಅಟ್ಟದಲ್ಲಿ ಹುಟ್ಟಿದವಳು, ಹಸುಗಳ ಬಿಸಿಯುಸಿರಿನಲ್ಲಿ ಬೆಳೆದವಳು, ತಲೆ ನರೆತ ಮೇಲೂ ಅಲ್ಲೇ ಮಲಗುವವಳು. ತಾಯಿ ಆ ಮನೆಯಲ್ಲಿ ಹಾಲು ಕರೆಯುವ ಆಳಾಗಿದ್ದಳು, ಮಗು ನಡೆಯಲು ಕಲಿಯುವಷ್ಟರಲ್ಲಿ ಎದೆರೋಗದಿಂದ ಹೋದಳು. ತಂದೆ ಯಾರೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಯಜಮಾನ ವಿನ್ಸೆನ್ಸನ ಗಿಣಿಮೂಗು ಹುಡುಗಿಯ ಮುಖದ ಮೇಲೂ ಬಂದು ಕುಳಿತಿತ್ತು. ನಮ್ಮ ಹೋಟೆಲಿನಲ್ಲಿ ಬಿಯರ್ ಹೀರುವ ಗಂಡಸರು, "ಟಾನರ್ ಮನೆ ಆಸ್ತೀಲಿ ಬುರ್ಗಿಗೆ ಸಿಕ್ಕಿದ್ದು ಮೂಗೊಂದೇ ನೋಡು" ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು. ಅವರಿಗೆ ಬಿಯರ್ ತಂದಿಡುತ್ತಿದ್ದವಳು ನಾನು, ಆ ನಗುವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಬುರ್ಗಿ ಚಿಕ್ಕವಳಿದ್ದಾಗ ಒಮ್ಮೆ ನೆಂಟರೆದುರು ಹಾಲಿನ ತಂಬಿಗೆ ತಂದು "ಅಪ್ಪಾ, ತಗೋ" ಎಂದುಬಿಟ್ಟಳಂತೆ. ವಿನ್ಸೆನ್ಸ್ ಹೊಡೆಯಲಿಲ್ಲ. ತಂಬಿಗೆ ಇಸಿದುಕೊಂಡು ಹಾಲನ್ನೆಲ್ಲ ನೆಲಕ್ಕೆ ಸುರಿದು, "ಆಳುಗಳು ನನ್ನ ಯಜಮಾನ್ರೇ ಅಂತಾರೆ. ಒರೆಸು" ಎಂದನಂತೆ. ಅವಳು ಒರೆಸಿದಳು. ಅಂದಿನಿಂದ ಅವನು ಅವಳಿಗೆ ಯಜಮಾನ್ರು, ಆಮೇಲೆ ಹುಟ್ಟಿದ ಅವನ ಮಗ ಕೊರ್ಬಿನಿಯನ್ ಚಿಕ್ಕ ಯಜಮಾನ್ರು. ಆ ತಮ್ಮನಿಗೆ ತೊಟ್ಟಿಲು ತೂಗಿದವಳೂ ಅವಳೇ.

ನಮ್ಮೂರಿಗೊಂದು ಹರಕೆಯಿದೆ. ಯಾವುದೋ ಕಾಲದಲ್ಲಿ ಹಿಮಪಾತ ಬಂದು ಅರ್ಧ ಊರನ್ನು ನುಂಗಿದಾಗ, ಉಳಿದವರು ಕಣಿವೆಯಾಚೆಯ ಪುಟ್ಟ ಪ್ರಾರ್ಥನಾಮಂದಿರಕ್ಕೆ, ದೇವಮಾತೆಯ ಚಾಪೆಲ್‌ಗೆ ವರ್ಷವರ್ಷವೂ ನಡೆದು ಬರುತ್ತೇವೆಂದು ಹರಕೆ ಹೊತ್ತರು. ಜೂನ್ ತಿಂಗಳಲ್ಲಿ ಹೋಗುತ್ತೇವೆ. ಊರಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ, ಮೇಲೆ ದಾರಿಗಡ್ಡವಾದ ಕೊರಕಲಿನಲ್ಲಿ ಮಾತ್ರ ಚಳಿಗಾಲದ ಹಿಮ ಇನ್ನೂ ಕರಗದೆ ಬಿದ್ದಿರುತ್ತದೆ. ಮುಂದೆ ಶಿಲುಬೆ. ಅದನ್ನು ಟಾನರ್ ಮನೆಯವರ ಕೈಯಲ್ಲದೆ ಬೇರೆ ಕೈ ಮುಟ್ಟುವಂತಿಲ್ಲ, ಮತ್ತು ಒಮ್ಮೆ ಹೊರಟ ಶಿಲುಬೆ ಚಾಪೆಲ್ ಸೇರುವವರೆಗೆ ಹಿಂದೆ ತಿರುಗುವಂತಿಲ್ಲ. ಅದರ ಹಿಂದೆ ಜಮೀನಿರುವ ಮನೆಗಳು, ಅವರ ಹಿಂದೆ ನಮ್ಮಂಥ ವ್ಯಾಪಾರದವರು, ಕೊನೆಗೆ ಆಳುಗಳು. ಮುಂಜಾನೆ ಗಟ್ಟಿಯಿರುವ ಹಿಮದ ಮೇಲೆ ದೊಡ್ಡವರು ಟಕಟಕನೆ ದಾಟಿಬಿಡುತ್ತಾರೆ. ಆಳುಗಳ ಸರದಿ ಬರುವ ಹೊತ್ತಿಗೆ ಬಿಸಿಲು ಬಿದ್ದು ಹೆಜ್ಜೆ ಗುಂಡಿಗಳೆಲ್ಲ ಗಂಜಿಯಾಗಿರುತ್ತವೆ. ವಯಸ್ಸಿಗೆ ಬಂದಾಗಿನಿಂದ ಬುರ್ಗಿ ಆ ಗಂಜಿಯನ್ನೇ ತುಳಿದವಳು. ಯಾರಾದರೂ ಜಾರಿದರೆ ಆಚೆ ದಡದಿಂದ ನಗು ಕೇಳುತ್ತಿತ್ತು. ದೇವರ ಹೆಸರಿನಲ್ಲಿ ಹೊರಟ ಜನವೇ ಹಾಗೆ ನಗುತ್ತಿತ್ತು.

ಶಿಲುಬೆ ಹೊರುವವನ ಹೆಸರನ್ನು ಹೊರಡುವ ಮುಂಚೆ ಚರ್ಚಿನ ಬಾಗಿಲಲ್ಲಿ ಗಟ್ಟಿಯಾಗಿ ಕೂಗುತ್ತಾರೆ. ಟಾನರ್ ಮನೆಯ ಇಂಥವನು, ಇಂಥವನ ಮಗ, ಎಂದು. ಬುರ್ಗಿ ಪ್ರತಿ ವರ್ಷ ಆ ಕೂಗಿಗೆ ತಲೆಯೆತ್ತಿ ಕಿವಿಗೊಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಒಮ್ಮೆ ನನ್ನ ಅಡುಗೆಮನೆಗೆ ಬೆಣ್ಣೆ ಕೊಡಲು ಬಂದವಳು ಹೇಳಿದಳು: "ನಂಗೆ ಹೊಲ ಬೇಡ ಅಕ್ಕಾ, ಹಣ ಬೇಡ. ಒಂದೇ ಒಂದ್ಸಲ, ಎಲ್ರೂ ಕೇಳೋ ಹಾಗೆ, ವಿನ್ಸೆನ್ಸನ ಮಗಳು ಅಂತ ಕೂಗಿದ್ರೆ ಸಾಕು. ಆಮೇಲೆ ಸತ್ತರೂ ಚಿಂತೆಯಿಲ್ಲ."

ಆ ವರ್ಷ ಹಿಮ ವಿಪರೀತ. ಜೂನ್ ಬಂದರೂ ಕೊರಕಲಿನ ತುಂಬ ತುಂಬಿಕೊಂಡಿತ್ತು. ಹೊರಗಿನಿಂದ ನೋಡಿದರೆ ದಪ್ಪ, ಒಳಗೆ, ಅಡಿಯಲ್ಲಿ ಹರಿಯುವ ತೊರೆ ತಿಂದು ಟೊಳ್ಳು ಮಾಡಿತ್ತು. ನಡುವೆ ಬೂದುಬಣ್ಣದ ಒಂದು ತಗ್ಗು ಬಿದ್ದಿತ್ತು. ಹೋಗಿ ನೋಡಿ ಬಂದ ಗಂಡಸರು ಬಿಯರ್ ಮುಂದಿಟ್ಟುಕೊಂಡು, ಮೊದಲು ದಾಟುವವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡಿದರು. ದನಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಅಟ್ಟುವಾಗ ಇಂಥ ಹಿಮ ಸಿಕ್ಕರೆ ನಮ್ಮವರು ಹಾಲು ಬತ್ತಿದ ಮುದಿ ಹಸುವನ್ನು ಮೊದಲು ಬಿಡುತ್ತಾರೆ. ಅದು ದಾಟಿದರೆ ಉಳಿದವು. ಅಂದು ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಮರುದಿನ ಕೊರ್ಬಿನಿಯನ್ ಕೊಟ್ಟಿಗೆಗೆ ಹೋದ.

"ಬುರ್ಗಿ, ನಂಗೆ ಮೊಣಕಾಲು ನೋವು. ಈ ಸಲ ಶಿಲುಬೆ ನೀನೇ ಹಿಡ್ಕೋ."

ಅವಳು ಹಾಲಿನ ಬಕೆಟ್ಟನ್ನು ಕೆಳಗಿಟ್ಟಳಂತೆ. "ಅದು ಮನೆಯೋರು ಹಿಡಿಯೋದಲ್ವಾ, ಯಜಮಾನ್ರೇ?"

"ಮನೆ ಅನ್ನ ತಿಂದಿದ್ದೀಯಲ್ಲ, ಸಾಕು."

"ಹೆಸರು ಕೂಗಿಸ್ತೀರಾ?"

"ಕೂಗಿಸ್ತೀನಿ, ಬಿಡು."

ಆ ವಾರವಿಡೀ ಬುರ್ಗಿ ನೆಲದ ಮೇಲೆ ನಡೆದಳೋ ಇಲ್ಲವೋ! ಕಪ್ಪು ಲಂಗಕ್ಕೆ ಇಸ್ತ್ರಿ ಹಾಕಿದಳು. ಒಡತಿಯರು ಹಾಕುವ ಚಿನ್ನದ ಗೊಂಡೆಯ ಕಪ್ಪು ಟೋಪಿಯನ್ನು ನನ್ನಿಂದ ಎರವಲು ಒಯ್ದಳು. ನನಗೆ ಸಂಕಟವಾಯಿತು. "ಯಾಕೆ ಕೊಡ್ತಿದ್ದಾರೆ ಅಂತ ಯೋಚಿಸಿದ್ಯಾ?" ಎಂದು ಕೇಳಿದೆ. "ಚಿಕ್ಕ ಯಜಮಾನ್ರಿಗೂ ವಯಸ್ಸಾಯ್ತಲ್ಲ ಅಕ್ಕಾ, ಮನಸ್ಸು ಕರಗಿರ್ಬೇಕು" ಎಂದಳು. ಹಿಮದ ವಿಷಯ ಹೇಳಿದೆ. ಅದು ಅವಳ ಕಿವಿಗೆ ಹೋಗಲೇ ಇಲ್ಲ.

ಹರಕೆಯ ದಿನ ಚರ್ಚಿನ ಬಾಗಿಲಲ್ಲಿ ಅವಳು ಶಿಲುಬೆ ಹಿಡಿದು ಸೆಟೆದು ನಿಂತಳು. ಗಂಟೆ ಬಾರಿಸುವ, ಹೆಸರು ಕೂಗುವ ಸೆರಾಫಿನ್ ಕೊರ್ಬಿನಿಯನ್ನನ ಮುಖ ನೋಡಿದ, ಅವನು ಬೇಡವೆಂದು ತಲೆಯಾಡಿಸಿದ. ಹೆಸರು ಕೂಗದೆಯೇ ಜಪಮಾಲೆಯ ಪ್ರಾರ್ಥನೆ ಶುರುವಾಯಿತು. ಬುರ್ಗಿ ಕದಲಲಿಲ್ಲ. ಕೊರ್ಬಿನಿಯನ್ ಹತ್ತಿರ ಬಂದು ಹಲ್ಲು ಕಚ್ಚಿ, "ಹಿಮ ದಾಟು, ಆಮೇಲೆ ಕೂಗಿಸ್ತೀನಿ. ನಡಿ" ಎಂದ. ಅವಳು ನಡೆದಳು.

ಪೈನ್ ಕಾಡು ದಾಟಿ, ಕಲ್ಲುಹಾದಿ ಹತ್ತಿ ಕೊರಕಲಿನ ಅಂಚಿಗೆ ಬಂದೆವು. ಹಿಮದ ಮೇಲೆ ಮಣ್ಣು, ಪೈನ್ ಸೂಜಿ, ಮುರಿದ ಕೊಂಬೆ. ಕೆಳಗೆಲ್ಲೋ ನೀರು ಗುಡುಗುತ್ತಿತ್ತು. ಬುರ್ಗಿ ಹಿಮದ ಮೇಲೆ ಕಾಲಿಟ್ಟಳು, ಶಿಲುಬೆಯ ತುದಿಯನ್ನು ಊರುಗೋಲಿನಂತೆ ಊರುತ್ತ ಹೆಜ್ಜೆಯ ಮೇಲೊಂದು ಹೆಜ್ಜೆ ಇಟ್ಟಳು. ಬೂದು ತಗ್ಗಿನ ಹತ್ತಿರ ಬಂದಾಗ ಹಿಂದೆ ಪ್ರಾರ್ಥನೆಯ ದನಿ ದೂರವಾಯಿತೆಂದು ಅವಳಿಗೆ ಅನ್ನಿಸಿರಬೇಕು. ತಿರುಗಿ ನೋಡಿದಳು. ಇಡೀ ಊರು ಕೊರಕಲಂಚಿನ ಬಂಡೆಯ ಮೇಲೇ ನಿಂತಿತ್ತು. ಕೊರ್ಬಿನಿಯನ್ ಎರಡೂ ಕೈ ಚಾಚಿ ಜನರನ್ನು ತಡೆದಿದ್ದ.

ಕೊರಕಲಿನಲ್ಲಿ ಪಿಸುಮಾತೂ ದೂರ ಕೇಳುತ್ತದೆ. ಸೆರಾಫಿನ್ ಪಕ್ಕದವನಿಗೆ, "ಮುದಿ ಹಸು ನಿಂತ್ಬಿಡ್ತಲ್ಲೋ" ಎಂದ. ನಾಲ್ಕಾರು ಜನ ನಕ್ಕರು. ಕೊರ್ಬಿನಿಯನ್ನನ ಹೆಂಡತಿ ಆಫ್ರಾ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು, ಆದರೆ ಭುಜ ಕುಣಿಯುವುದು ಕಾಣುತ್ತಿತ್ತು.

ಬುರ್ಗಿಯ ಮುಖದಲ್ಲಿ ಆಗ ಆದದ್ದನ್ನು ನಾನು ಮರೆಯಲಾರೆ. ವಾರದ ಸಂಭ್ರಮವೆಲ್ಲ ಒಂದೇ ಉಸಿರಿಗೆ ಇಳಿದುಹೋಯಿತು. ಅವಳು ಟೋಪಿ ಸರಿಮಾಡಿಕೊಂಡು ಗಟ್ಟಿಯಾಗಿ ಕರೆದಳು: "ತಮ್ಮಾ!"

ಬಂಡೆಯ ಮೇಲೆ ನಗು ನಿಂತಿತು. ಅವಳಿಗೆ ಅರವತ್ತಾದರೂ ಯಾರೂ ಅವಳ ಬಾಯಲ್ಲಿ ಕೇಳದ ಮಾತು ಅದು.

"ತಮ್ಮಾ, ಹೆಸರು ಕೂಗ್ಸು. ಈಗ್ಲೇ."

"ಸುಮ್ನೆ ದಾಟೇ, ಹುಚ್ಚಿ!"

"ಕೂಗ್ಸಲ್ವಾ?"

ಅವನು ಮುಂದೆ ಹೋಗೆಂದು ಕೈ ಬೀಸಿದ. ಅವಳು ಶಿಲುಬೆಯನ್ನು ಎರಡೂ ಕೈಯಿಂದ ಎತ್ತಿ ಆ ಬೂದು ತಗ್ಗಿನಲ್ಲಿ, ಮೊಳದಷ್ಟು ಆಳಕ್ಕೆ, ನೆಟ್ಟುಬಿಟ್ಟಳು. ಆಮೇಲೆ ಬರಿಗೈಯಲ್ಲಿ ಹಗುರಾಗಿ ಹೆಜ್ಜೆಯಿಡುತ್ತ ಆಚೆ ದಡ ಸೇರಿ ಕಲ್ಲಿನ ಮೇಲೆ ಕುಳಿತಳು.

ಶಿಲುಬೆ ಹಿಮದ ನಡುವೆ ನಿಂತಿತ್ತು. ಪಾದ್ರಿಗಳು ಬಿಳುಚಿಕೊಂಡರು. ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಹಿಂದೆ ತರುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ. ಕೊರ್ಬಿನಿಯನ್‌ಗೆ ಮಕ್ಕಳಿಲ್ಲ. ಮುದುಕ ವಿನ್ಸೆನ್ಸ್ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಎಲ್ಲರ ಕಣ್ಣೂ ಒಬ್ಬನ ಮೇಲೆ ನೆಟ್ಟವು.

"ಒಂದು ಮಾತು ಕೂಗ್ಸು ತಮ್ಮಾ," ಬುರ್ಗಿ ಆಚೆಯಿಂದ ಹೇಳಿದಳು, "ನಾನೇ ಬಂದು ತಗೊಂಡು ಹೋಗ್ತೀನಿ. ಇನ್ನೇನೂ ಕೇಳಲ್ಲ."

"ಕೂಗಿಸಿಬಿಡಪ್ಪ, ಅದ್ರಲ್ಲೇನಿದೆ?" ಎಂದರು ಪಾದ್ರಿಗಳು ಮೆಲ್ಲಗೆ.

"ಕೊಟ್ಟಿಗೆಯೋಳನ್ನ ಅಕ್ಕ ಅಂತ ಊರ ಮುಂದೆ ಒಪ್ಕೋಬೇಕಾ ನಾನು?" ಎಂದ ಕೊರ್ಬಿನಿಯನ್.

ಸೆರಾಫಿನ್ ಬೆಂಕಿಗೆ ತುಪ್ಪ ಸುರಿದ. "ಹಾಗಾದ್ರೆ ನೀವೇ ಹೋಗಿ ಎತ್ಕೊಳ್ಳಿ ಯಜಮಾನ್ರೇ. ಮೊಣಕಾಲು ನೋವಿದ್ರೆ ನಿಧಾನ ಹೋಗಿ." ಮುಂಜಾನೆಯಿಂದ ಅವಳನ್ನು ನೋಡಿ ನಗುತ್ತಿದ್ದ ಜನ ಈಗ ಅವನನ್ನು ನೋಡಿ ನಗತೊಡಗಿತು. ನಮ್ಮೂರಿನ ನಗುವಿಗೆ ನಿಯತ್ತಿಲ್ಲ.

ಕೊರ್ಬಿನಿಯನ್ ಕೋಟು ಬಿಚ್ಚಿ ಹೆಂಡತಿಯ ಕೈಗೆಸೆದು ಹಿಮಕ್ಕಿಳಿದ. ಎತ್ತಿನಂಥ ಮೈ. ಅಷ್ಟರಲ್ಲಿ ಬಿಸಿಲೂ ಏರಿತ್ತು. ಅವನ ಕಾಲು ಮೊದಲು ಪಾದದವರೆಗೆ, ಆಮೇಲೆ ಮೀನಖಂಡದವರೆಗೆ ಹೂತುಹೋಯಿತು. ಅದನ್ನು ಕಂಡು ಬುರ್ಗಿ ಎದ್ದು ನಿಂತಳು.

"ಬೇಡ ಕಣೋ! ನೀನು ಭಾರ ಇದ್ದೀಯ, ಬರಬೇಡ! ಕೂಗೋದೂ ಬೇಡ, ಏನೂ ಬೇಡ, ನಾನೇ ಬರ್ತೀನಿ, ನಿಲ್ಲೋ!"

ಅವಳು ಹಿಮದ ಮೇಲೆ ಓಡಿ ಬಂದಳು. ಅವನು ಅವಳಿಗಿಂತ ಮೊದಲು ಶಿಲುಬೆ ಹಿಡಿಯಬೇಕೆಂದು ದಾಪುಗಾಲು ಹಾಕಿದ. ಕೈ ಶಿಲುಬೆಗೆ ತಾಗಿತು. ಆಗ ಹಿಮ ಒಂದು ಮಂಕು ಸದ್ದು ಮಾಡಿತು, ಅಟ್ಟದಿಂದ ಹಿಟ್ಟಿನ ಮೂಟೆ ಬಿದ್ದ ಹಾಗೆ. ನೋಡಿದರೆ ಅಲ್ಲಿ ಅವನೂ ಇರಲಿಲ್ಲ, ಶಿಲುಬೆಯೂ ಇರಲಿಲ್ಲ. ಬುರ್ಗಿ ಹಿಮದಲ್ಲಿ ತೆರೆದ ಬಾಯಿಯ ಅಂಚಿನಲ್ಲಿ ಹೊಟ್ಟೆಯಡಿಯಾಗಿ ಮಲಗಿ, ತೋಳನ್ನು ಒಳಗಿಳಿಸಿ, ಅವನ ಹೆಸರು ಹಿಡಿದು ಅರಚುತ್ತಿದ್ದಳು. ಒಳಗಿಂದ ನೀರಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ.

ತೊರೆ ಹಿಮದಿಂದ ಹೊರಬೀಳುವ ಕಡೆ, ಬಹಳ ಕೆಳಗೆ, ಕೆಲವು ದಿನಗಳ ಮೇಲೆ ಹೆಣ ಸಿಕ್ಕಿತು. ಶಿಲುಬೆ ಸಿಗಲಿಲ್ಲ.

ಮಣ್ಣಿಗೆ ಇಡೀ ಊರು ಬಂದಿತ್ತು. ವಿನ್ಸೆನ್ಸನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಬುರ್ಗಿ ಆಳುಗಳ ಜೊತೆ, ಗೋಡೆಯ ಹತ್ತಿರ, ಕೊನೆಯಲ್ಲಿ ನಿಂತಿದ್ದಳು. ಪೆಟ್ಟಿಗೆ ಇಳಿಸಿದ ಮೇಲೆ ಪಾದ್ರಿಗಳು ಸಣ್ಣ ಸಲಿಕೆಯನ್ನು ಆಫ್ರಾಳಿಗೆ ಕೊಟ್ಟರು. ಮೊದಲ ಮಣ್ಣು ಮನೆಯವರದ್ದು, ಆಮೇಲೆ ಊರಿನದ್ದು. ಆಫ್ರಾ ಮಣ್ಣು ಹಾಕಿ ಹಿಂದೆ ಸರಿದಳು. ಆಗ ಮುದುಕನ ಕೈ ಕಂಬಳಿಯೊಳಗಿಂದ ಹೊರಗೆ ಬಂತು. ಬೆರಳನ್ನು ಗೋಡೆಯ ಕಡೆಗೆ ಚಾಚಿ, ಸ್ಮಶಾನಕ್ಕೆಲ್ಲ ಕೇಳುವಂತೆ ಹೇಳಿದ:

"ಅಲ್ನೋಡಿ. ನನ್ನ ಮಗನ್ನ ಕೊಂದೋಳು ಅಲ್ಲಿದ್ದಾಳೆ. ನನ್ನ ಮಗಳು! ನನ್ನ ಸ್ವಂತ ಮಗಳು ನನ್ನ ಮಗನ್ನ ಕೊಂದ್ಲು!"

ಬುರ್ಗಿ ಗೋಡೆಯಿಂದ ಕದಲಿ, ವ್ಯಾಪಾರದವರನ್ನು ದಾಟಿ, ಜಮೀನಿನವರನ್ನು ದಾಟಿ ಮುಂದೆ ಬಂದಳು. ಮುದುಕನ ಕುರ್ಚಿಯ ಮುಂದೆ ನಿಂತಳು. ಅವಳ ಮುಖ ಸುಟ್ಟುಹೋದ ಮನೆಯ ಹಾಗಿತ್ತು.

"ಹೌದಪ್ಪಾ" ಎಂದಳು.

ಆಮೇಲೆ ಆಫ್ರಾಳ ಕೈಯಿಂದ ಸಲಿಕೆ ತೆಗೆದುಕೊಂಡು, ಊರಿಗಿಂತ ಮುಂಚೆ, ತಮ್ಮನ ಮೇಲೆ ಮಣ್ಣು ಹಾಕಿದಳು. ಯಾರೂ ತಡೆಯಲಿಲ್ಲ. ತಡೆಯಲು ಯಾರಿಗೆ ಬಾಯಿತ್ತು? ಅವಳು ಮಗಳೆಂದು ಯಜಮಾನನೇ ಊರ ಮುಂದೆ ಹೇಳಿಯಾಗಿತ್ತು.