ಟ್ರೈಲರಿಗೆ ನೀರಿನ ಟ್ಯಾಂಕು ಬೇಕೇ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ನರ್ಸ್ ಆಗಿದ್ದೆ. ನಮ್ಮ ಸಂಚಾರಿ ದವಾಖಾನೆ ಎಂದರೆ ಒಂದು ಜೀಪು, ಅದರ ಹಿಂದೆ ಕಟ್ಟಿದ ಟ್ರೈಲರ್. ಔಷಧದ ಪೆಟ್ಟಿಗೆ, ಮಡಚುವ ಮಂಚ, ಸೀಮೆಎಣ್ಣೆ ಸ್ಟೌ, ಪಾತ್ರೆ, ಹಾಸಿಗೆ ಎಲ್ಲವೂ ಟ್ರೈಲರಿನಲ್ಲೇ. ಒಂದೊಂದಕ್ಕೂ ಜಾಗ ಗೊತ್ತುಮಾಡಿದ್ದೆ. ಕತ್ತಲಲ್ಲಿ ಕೈಹಾಕಿದರೂ ಬೇಕಾದದ್ದು ಸಿಗಬೇಕು, ಅದು ನಾನು ಕಲಿತ ಪಾಠ. ನೀರಿಗೆ ಮಾತ್ರ ಜಾಗವಿರಲಿಲ್ಲ.

ಟ್ರೈಲರಿನ ಮುಂಭಾಗದಲ್ಲಿ ತಗಡಿನ ಟ್ಯಾಂಕೊಂದನ್ನು ಕೂರಿಸಿ, ಕುದಿಸಿ ಆರಿಸಿದ ನೀರು ತುಂಬಿಕೊಂಡೇ ಹೊರಡಬೇಕೆಂದು ನಾನು ಹೇಳುತ್ತಲೇ ಬಂದಿದ್ದೆ. ಡ್ರೈವರಿಗೆ ಅದು ತಮಾಷೆಯಾಗಿತ್ತು.

“ನಾವು ಹೊಂಟಿರೋದು ಸೊರಬದ ಕಡೀಗೆ ಸಿಸ್ಟರಮ್ಮ, ಮರಳುಗಾಡಿಗಲ್ಲ. ಬಾವಿ ಇರೋ ಊರಿಗೆ ನೀರು ಹೊತ್ಕಂಡು ಹೋದ್ರ ಜನ ನಗ್ತಾರ. ಮ್ಯಾಲೆ ಇಳಿಜಾರಿನಾಗ ಆ ತೂಕ ಜೀಪನ್ನೇ ದೂಡ್ತತಿ.”

“ನಗಲಿ ಬಿಡಪ್ಪ. ನಕ್ಕರೆ ಯಾರಿಗೂ ನಂಜಾಗಲ್ಲ,” ಎಂದೆ.

ಡಾಕ್ಟರು ಇನ್ನೂ ಹೊಸಬರು. ಇಬ್ಬರ ಮಾತನ್ನೂ ಕೇಳಿದರು. “ಈ ಸಲ ಟ್ಯಾಂಕಿಲ್ಲದೆ ಉಳವಿ ಕಡೆ ಹೋಗಿಬರೋಣ ಸಿಸ್ಟರ್. ಬೇಕೋ ಬೇಡವೋ ಅಲ್ಲಿಂದ ಬಂದಮೇಲೆ ತೀರ್ಮಾನ ಮಾಡೋಣ,” ಎಂದರು. ಹೊರಟೆವು.

ಉಳವಿಯಿಂದಾಚೆಯ ಸಣ್ಣ ಊರು ಅದು. ಭತ್ತದ ಕೊಯ್ಲು ನಡೆದಿತ್ತು, ಕೈಲಾಗುವವರೆಲ್ಲ ಗದ್ದೆಯಲ್ಲಿದ್ದರು. ಜೀಪು ನಿಲ್ಲುವಷ್ಟರಲ್ಲಿ ಒಬ್ಬ ರೈತ ಓಡಿಬಂದ. ಅವನ ಹೆಂಡತಿ ಹಿಂದಿನ ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಡ್ರೈವರು ಔಷಧದ ಪೆಟ್ಟಿಗೆಯನ್ನೂ ಸ್ಟೌವನ್ನೂ ಹೊತ್ತು ಹೆರಿಗೆಯ ಕೋಣೆಯೊಳಗಿಟ್ಟು ಹೊರಗೆ ಹೋದ. ಡಾಕ್ಟರೂ ನಾನೂ ಕೆಲಸಕ್ಕೆ ಕೂತೆವು.

ಮಗು ಹುಟ್ಟಿತು, ಅತ್ತಿತು. ಆದರೆ ಮಾಸು ಬೀಳಲಿಲ್ಲ. ರಕ್ತ ಹರಿಯತೊಡಗಿತು.

ಡಾಕ್ಟರು ಕೈಹಾಕಿ ಮಾಸು ತೆಗೆಯಬೇಕಿತ್ತು. ಅದಕ್ಕೆ ಗ್ಲೌಸು ಮತ್ತೆ ಕುದಿಯಬೇಕು, ಕೈ ಮತ್ತೆ ತೊಳೆಯಬೇಕು. ಮನೆಯ ಹಂಡೆ ಆಗಲೇ ಖಾಲಿಯಾಗಿತ್ತು. ಡಾಕ್ಟರು ಬಾಣಂತಿಯ ಹೊಟ್ಟೆಯನ್ನು ಒತ್ತಿ ಹಿಡಿದಿದ್ದರು, ಕೈ ಬಿಡುವಂತಿರಲಿಲ್ಲ. “ನೀರು ಸಿಸ್ಟರ್, ಬೇಗ!” ಎಂದರು.

ಬಾವಿ ಪಕ್ಕದ ಹಿತ್ತಲಲ್ಲೇ ಇತ್ತು, ನಾಲ್ಕಾರು ಮನೆಗಳಿಗೆ ಸೇರಿದ್ದು. ಕೊಡ ಹಿಡಿದು ಓಡಿದೆ. ಹಗ್ಗಕ್ಕೆ ಕೈ ಚಾಚಿದ್ದೆ, ಕಟ್ಟೆಯ ಮೇಲೆ ಕೂತಿದ್ದ ಮುದುಕಿ ಅದನ್ನು ಸರ್ರನೆ ತನ್ನತ್ತ ಎಳೆದುಕೊಂಡಳು.

“ಮುಟ್ಟಬ್ಯಾಡ ಮಾರಾಯ್ತಿ. ಆ ಮನೆಗೆ ಪುರುಡು ಬಂತು. ಹೆರಿಗೆ ಕೋಣೆ ಹೊಕ್ಕೋರು, ಹಡೆದವಳನ್ನ ಮುಟ್ಟಿದೋರು ಬಾವಿ ಹಗ್ಗ ಮುಟ್ಟಂಗಿಲ್ಲ.”

“ಅಜ್ಜೀ, ಅಲ್ಲಿ ಅವಳ ಜೀವ ಹೋಗ್ತಿದೆ!”

“ಹೋಗೋದು ಬ್ಯಾಡ. ನೀರು ಇಲ್ಲ ಅಂದೆನಾ? ನಾನು ಸೇದಿ ಹುಯ್ತೀನಿ. ಕೊಡ ಕೆಳಗಿಟ್ಟು ಆಚೆ ನಿಂತ್ಕ.”

ಹೆರಿಗೆಯಾದ ಮನೆಗೆ ನೆರೆಯವರು ನೀರು ಸೇದಿ ಮೇಲಿಂದ ಹುಯ್ಯುವುದು ಅಲ್ಲಿಯ ರೂಢಿ. ಆ ದಿನ ನೆರೆಯವರೆಲ್ಲ ಗದ್ದೆಯಲ್ಲಿ. ಬಾಣಂತಿಯ ಗಂಡನೂ ಹಗ್ಗ ಮುಟ್ಟುವಂತಿರಲಿಲ್ಲ. ಯಾರನ್ನಾದರೂ ಕರೆತರಲು ಗದ್ದೆಗೆ ಓಡಿದ್ದ. ಅಜ್ಜಿ ಬಿಂದಿಗೆ ಇಳಿಬಿಟ್ಟಳು. ಮೊಳದುದ್ದ ಎಳೆಯುವುದು, ನಿಲ್ಲುವುದು, ಉಸಿರು ಬಿಡುವುದು. ಮೇಲೆ ಬಂದಾಗ ಬಿಂದಿಗೆಯ ನೀರು ಅರ್ಧ ಚೆಲ್ಲಿಹೋಗಿತ್ತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದೆ. ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಂಡಿದ್ದರೆ ಆ ಬಾವಿಯ ನೀರನ್ನು ಆಮೇಲೆ ಯಾರೂ ಮುಟ್ಟುತ್ತಿರಲಿಲ್ಲ, ಮುಂದಿನ ಬಸಿರಿಗೆ ನಮ್ಮನ್ನೂ ಕರೆಯುತ್ತಿರಲಿಲ್ಲ. ಒಳಗಿನಿಂದ ಡಾಕ್ಟರ ಕೂಗು ಮತ್ತೆ ಕೇಳಿತು.

ಡ್ರೈವರು ಜೀಪಿನ ಕಡೆಯಿಂದ ಓಡಿಬಂದ. “ಇತ್ಲಾಗೆ ಕೊಡಜ್ಜಿ.”

ಅಜ್ಜಿ ಹಗ್ಗ ಬಿಡಲಿಲ್ಲ. “ನೀನು ಒಳಗೆ ಹೋಗಿದ್ಯೇನೋ?”

“ನಾನಾ? ಹೆರಿಗೆ ಕ್ವಾಣಿಯಾಗ ಡ್ರೈವರಿಗೆ ಏನ್ ಕೆಲಸ? ಜೀಪ್ ಬಿಟ್ಟು ಕದಲಿಲ್ಲ.”

ಅಜ್ಜಿ ನನ್ನ ಮುಖ ನೋಡಿದಳು. ನಾನು ಕೊಡ ನೋಡಿದೆ. ಹಗ್ಗ ಅವನ ಕೈಗೆ ಹೋಯಿತು. ಅವನು ಸೇದಿದ ರಭಸಕ್ಕೆ ಬಾವಿಯ ರಾಟೆ ಕಿರುಗುಟ್ಟಿತು. ಕೊಡ ತುಂಬಿತು, ಎತ್ತಿಕೊಂಡು ಓಡಿದೆ.

ಗ್ಲೌಸು ಸ್ಟೌ ಮೇಲಿಟ್ಟು ಹೊಟ್ಟೆ ಒತ್ತುವುದನ್ನು ನಾನು ವಹಿಸಿಕೊಂಡೆ, ಡಾಕ್ಟರು ಕೈ ತೊಳೆದರು. ಬಾಣಂತಿಯ ತುಟಿ ಬಿಳುಪಾಗಿತ್ತು, ನಾಡಿ ಬೆರಳಿಗೆ ಸಿಕ್ಕಿ ಸಿಕ್ಕಿ ಜಾರುತ್ತಿತ್ತು. ಮಾಸು ಹೊರಬಂದಮೇಲೂ ರಕ್ತ ಕೂಡಲೇ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟು ಹೊಟ್ಟೆ ಒತ್ತುತ್ತಲೇ ಕೂತೆವು. ಗದ್ದೆಯಿಂದ ಜನ ಮರಳುವ ಹೊತ್ತಿಗೆ ಅವಳು ಕಣ್ಣು ತೆರೆದು, “ಎಂಥ ಮಗು?” ಎಂದಳು.

“ಹೆಣ್ಣು. ನಿನಗಿಂತ ಗಟ್ಟಿಯಾಗಿದೆ, ನೀನು ಸುಮ್ಮನೆ ಮಲಗು,” ಎಂದೆ.

ಹೊರಗೆ ಡ್ರೈವರು ಟ್ರೈಲರಿಗೆ ಒರಗಿ ನಿಂತಿದ್ದ. ಬದುಕಿದಳೆಂದು ಹೇಳಿದೆ. ತಲೆಯಾಡಿಸಿದ, ಆದರೆ ಮುಖ ಅರಳಲಿಲ್ಲ.

“ಪೆಟ್ಟಿಗೆ ಒಳಗಿಟ್ಟೋನು ನಾನೇ ಅಲ್ಲೇನ್ರಿ? ಆ ಮುದುಕಿ ಸಂಜೀಗೆ ಅದೇ ನೀರಾಗ ಜಳಕ ಮಾಡಿ ದೇವ್ರ ದೀಪದ ಮುಂದೆ ಅಡ್ಡಬೀಳ್ತಾಳ. ನನ್ನ ಮಾತು ನಂಬಿ ಹಗ್ಗ ಕೊಟ್ಳು.”

ಅಷ್ಟರಲ್ಲಿ ಡಾಕ್ಟರು ಕೈ ಒರೆಸುತ್ತ ಹೊರಬಂದರು. ಅವರು ಬಾಯಿ ತೆರೆಯುವ ಮೊದಲೇ ಡ್ರೈವರು ಹೇಳಿದ:

“ಟ್ಯಾಂಕು ಕೂರಿಸ್ರಿ ಸಾಹೇಬ್ರ. ಇಳಿಜಾರಿನಾಗ ನಿಧಾನ ಹೋಗೋಣಂತ. ಇನ್ನೊಂದ್ ಊರಾಗ ಇನ್ನೊಬ್ಬ ಮುದುಕಿ ಮುಂದೆ ನನ್ನ ಕೈಲಿ ಸುಳ್ಳು ಹೇಳಕ್ಕಾಗಲ್ಲ.”